ಐಪಿವಿ6 ಬಂದ ಮೇಲೆ ನೆಟ್ ತಡವರಿಸುತ್ತಿದೆಯೇ? ಆಫ್ ಮಾಡುವ ಮೊದಲು ಹೀಗೆ ಹುಡುಕಿ

ಮನೆಗೆ ಹೊಸ ರೂಟರ್ ಬಂದಿದೆ, ಇಲ್ಲವೇ ಫೈಬರ್ ಕಂಪನಿಯವರು ತಮ್ಮ ಕಡೆ ಏನೋ ಬದಲಾಯಿಸಿದ್ದಾರೆ. ಅಂದಿನಿಂದ ಒಂದು ವಿಚಿತ್ರ ಕಾಟ ಶುರು. ಯೂಟ್ಯೂಬ್ ಸರಾಗವಾಗಿ ಓಡುತ್ತದೆ, ಆದರೆ ಯಾವುದೋ ಒಂದು ವೆಬ್‌ಸೈಟ್ ಮಾತ್ರ ಸುತ್ತುತ್ತಲೇ ಇರುತ್ತದೆ. ಆಫೀಸಿನ ವಿಪಿಎನ್ ಕನೆಕ್ಟ್ ಆಗುತ್ತದೆ, ಒಳಗಿನ ಫೈಲು ಮಾತ್ರ ಇಳಿಯುವುದಿಲ್ಲ. ಇದೇ ಕೆಲಸ ಮೊಬೈಲ್ ಡೇಟಾದಲ್ಲಿ ಸಲೀಸು. ಗೊತ್ತಿರುವವರನ್ನು ಕೇಳಿದರೆ ಬರುವ ಉತ್ತರ ಒಂದೇ: 'ಐಪಿವಿ6 ಆಫ್ ಮಾಡಿಬಿಡಿ.'

ಐಪಿವಿ6 ಎಂದರೆ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ. ಆಫ್ ಮಾಡಿದರೆ ಹೆಚ್ಚಿನ ಸಲ ಸರಿಯೂ ಹೋಗುತ್ತದೆ. ಸಮಸ್ಯೆ ಇರುವುದೇ ಅಲ್ಲಿ. ನೋವಿಗೆ ಮಾತ್ರೆ ಸಿಕ್ಕಿತು, ಕಾರಣ ಹಾಗೇ ಉಳಿಯಿತು. ಐಪಿವಿ6 ಇಲ್ಲವೇ ಇಲ್ಲ ಎಂದಾದರೆ ಯಾರಿಗೂ ತೊಂದರೆಯಾಗುವುದಿಲ್ಲ, ಪೂರ್ತಿ ಇದ್ದರೂ ಆಗುವುದಿಲ್ಲ. ಅರ್ಧ ಇದ್ದಾಗಲೇ ಈ ಎಲ್ಲ ಆಟ. ಆ ಅರ್ಧ ಎಲ್ಲಿ ನಿಂತಿದೆ ಎಂದು ಹುಡುಕುವ ದಾರಿ ಇಲ್ಲಿದೆ.

ಹಿನ್ನೆಲೆ, ಬೇಕಾದಷ್ಟೇ

ಹಳೆಯ ಐಪಿವಿ4 ವಿಳಾಸ 32 ಬಿಟ್‌ನದು. ಅದರಲ್ಲಿ ಹಿಡಿಸುವುದು ಸುಮಾರು 430 ಕೋಟಿ ವಿಳಾಸ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಆಮೇಲೆ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚತೊಡಗಿದವು. ನಿಮ್ಮ ರೂಟರಿನ ಇಂಟರ್ನೆಟ್ ಕಡೆಯ ವಿಳಾಸ 100.64ರಿಂದ 100.127ರ ಒಳಗೆ ಇದ್ದರೆ ನೀವೂ ಆ ಹಂಚಿಕೆಯ ಸಾಲಿನಲ್ಲಿದ್ದೀರಿ. ಅದನ್ನು ಸಿಜಿನ್ಯಾಟ್ ಎನ್ನುತ್ತಾರೆ. ತೋಟದ ಸಿಸಿಟಿವಿಯನ್ನು ಪೇಟೆಯಿಂದ ನೋಡಲು ಪೋರ್ಟ್ ಫಾರ್ವರ್ಡ್ ಮಾಡಿ ಮಾಡಿ ಸುಸ್ತಾದವರಿಗೆ ಅದು ಏಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಇದೇ.

ಐಪಿವಿ6 ವಿಳಾಸ 128 ಬಿಟ್‌ನದು, ಅಲ್ಲಿ ಹಂಚಿಕೊಳ್ಳುವ ಪ್ರಮೇಯವೇ ಇಲ್ಲ. ನಮ್ಮ ದೇಶ ಇದರಲ್ಲಿ ಹಿಂದುಳಿದಿಲ್ಲ. ದೂರಸಂಪರ್ಕ ಇಲಾಖೆ 2010ರಲ್ಲೇ ಮಾರ್ಗನಕ್ಷೆ ಹೊರಡಿಸಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದಾಗ ಅದರ ಜಾಲ ಮೊದಲಿನಿಂದಲೇ ಐಪಿವಿ6 ಮೇಲೆ ನಿಂತಿತ್ತು. ಇವತ್ತು ಐಪಿವಿ6 ಅತಿ ಹೆಚ್ಚು ಬಳಸುವ ದೇಶಗಳ ಸಾಲಿನಲ್ಲಿ ಭಾರತವಿದೆ. ಅಂದರೆ ನಿಮ್ಮ ಜೇಬಿನಲ್ಲಿರುವ ಫೋನು ಇದನ್ನು ವರ್ಷಗಳಿಂದ ಸದ್ದಿಲ್ಲದೆ ಬಳಸುತ್ತಿದೆ. ಎಡವಟ್ಟು ಹೆಚ್ಚಾಗಿ ಆಗುವುದು ಮನೆಯ ಫೈಬರ್ ರೂಟರಿನಲ್ಲಿ, ಸಣ್ಣ ಆಫೀಸುಗಳಲ್ಲಿ.

1. ಬ್ರೌಸರನ್ನು ನಂಬಬೇಡಿ

ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಎಲ್ಲವೂ ಒಂದು ಉಪಾಯ ಮಾಡುತ್ತವೆ. ಮೊದಲು ಐಪಿವಿ6ನಲ್ಲಿ ಪ್ರಯತ್ನಿಸುತ್ತವೆ. ಸೆಕೆಂಡಿನ ಕಾಲುಭಾಗದಷ್ಟು ಹೊತ್ತಿನಲ್ಲಿ ಉತ್ತರ ಬರದಿದ್ದರೆ ಪಕ್ಕದಲ್ಲೇ ಐಪಿವಿ4 ಕೂಡ ಶುರುಮಾಡಿ, ಯಾವುದು ಮೊದಲು ಸಿಕ್ಕಿತೋ ಅದನ್ನು ಹಿಡಿದುಕೊಳ್ಳುತ್ತವೆ. ಇದಕ್ಕೆ 'ಹ್ಯಾಪಿ ಐಬಾಲ್ಸ್' ಎಂಬ ತಮಾಷೆಯ ಹೆಸರಿದೆ. ಬಳಕೆದಾರನಿಗೆ ಇದು ವರ. ದೋಷ ಹುಡುಕುವವನಿಗೆ ಶಾಪ, ಏಕೆಂದರೆ ಐಪಿವಿ6 ಪೂರ್ತಿ ಸತ್ತಿದ್ದರೂ 'ಸ್ವಲ್ಪ ಸ್ಲೋ' ಅನ್ನಿಸುತ್ತದೆ, ಅಷ್ಟೇ. ಈ ಉಪಾಯ ಗೊತ್ತಿಲ್ಲದ ಹಳೆಯ ಸಾಫ್ಟ್‌ವೇರುಗಳು, ಕೆಲವು ಗೇಮುಗಳು, ಬ್ಯಾಕಪ್ ಪ್ರೋಗ್ರಾಮುಗಳು ಮಾತ್ರ ನಿಮಿಷಗಟ್ಟಲೆ ಕಾದು ಕೂರುತ್ತವೆ.

ಹಾಗಾಗಿ 'ಬ್ರೌಸರಿನಲ್ಲಿ ಬರುತ್ತಿದೆ, ನೆಟ್ ಸರಿಯಿದೆ' ಎನ್ನುವ ತೀರ್ಮಾನ ಬೇಡ. ಟೆಸ್ಟ್-ಐಪಿವಿ6 ಡಾಟ್ ಕಾಮ್ ಎಂಬ ತಾಣ ತೆರೆಯಿರಿ. ಅದು ಎರಡೂ ದಾರಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಹತ್ತಕ್ಕೆ ಅಂಕ ಕೊಡುತ್ತದೆ. ಮೊದಲು ಮೊಬೈಲ್ ಡೇಟಾದಲ್ಲಿ, ಆಮೇಲೆ ವೈಫೈಯಲ್ಲಿ, ಒಂದೇ ಫೋನಿನಿಂದ ನೋಡಿ. ಡೇಟಾದಲ್ಲಿ ಹತ್ತಕ್ಕೆ ಹತ್ತು ಬಂದು ವೈಫೈಯಲ್ಲಿ ಬರದಿದ್ದರೆ ಫೋನಿನ ಮೇಲೆ ಅನುಮಾನ ಬೇಡ, ಮನೆಯ ಕಡೆ ತಿರುಗಿ.

2. ವಿಳಾಸದ ಮೊದಲಕ್ಷರ ನೋಡಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿ (ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ). ಫೋನಿನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಹೆಸರನ್ನು ಒತ್ತಿದರೆ ವಿವರ ಸಿಗುತ್ತದೆ. ಉದ್ದದ ವಿಳಾಸ ಕಂಡು ಗಾಬರಿಯಾಗಬೇಡಿ. ಶುರುವಿನ ಭಾಗ ಓದಿದರೆ ಸಾಕು.

ಎಫ್‌ಇ80 ಎಂದು ಶುರುವಾಗುವ ವಿಳಾಸ ಮಾತ್ರ ಇದ್ದರೆ, ಯಂತ್ರ ತಾನೇ ಇಟ್ಟುಕೊಂಡ ಒಳಮನೆಯ ವಿಳಾಸ ಅದು. ಇಂಟರ್ನೆಟ್ಟಿಗೆ ಹೋಗಲು ಉಪಯೋಗವಿಲ್ಲ. ರೂಟರ್ ಐಪಿವಿ6 ಹಂಚುತ್ತಿಲ್ಲ ಎಂದರ್ಥ.

2 ಅಥವಾ 3ರಿಂದ ಶುರುವಾಗಿದ್ದರೆ ಅದು ನಿಜವಾದ ಜಾಗತಿಕ ವಿಳಾಸ. ಎಫ್‌ಡಿ ಎಂದಿದ್ದರೆ ಮನೆಯೊಳಗಿನ ಖಾಸಗಿ ವಿಳಾಸ. ಜೊತೆಗೆ 2ರದ್ದೂ ಇದ್ದರೆ ಚಿಂತೆಯಿಲ್ಲ.

ಒಂದು ಅಪವಾದ ನೆನಪಿಡಿ: 2002: ಎಂದು ಶುರುವಾದರೆ ಅದು 6ಟು4 ಎಂಬ ಹಳೆಯ, ಕೈಬಿಟ್ಟ ವ್ಯವಸ್ಥೆಯದು. ಆಫೀಸಿನಲ್ಲಿ ಇದು ಕಂಡರೆ, ಯಾರದೋ ಹಳೆಯ ಕಂಪ್ಯೂಟರು 'ಇಂಟರ್ನೆಟ್ ಶೇರಿಂಗ್' ಆನ್ ಮಾಡಿಕೊಂಡು ತಾನೇ ರೂಟರ್ ಎಂದು ಸಾರುತ್ತಿರಬಹುದು. ಉಳಿದವೆಲ್ಲ ಅದನ್ನು ನಂಬಿ ಅದರ ಹಿಂದೆ ಹೋಗುತ್ತವೆ. ಅದನ್ನು ಹುಡುಕಿ ಶೇರಿಂಗ್ ನಿಲ್ಲಿಸಿ. ಕಂಪ್ಯೂಟರುಗಳ ಕೇಬಲ್ ಸೇರುವ ಸ್ವಿಚ್ಚಿನಲ್ಲಿ, ಇಂಥ ಸುಳ್ಳು ಸಾರಿಕೆ ತಡೆಯುವ 'ಆರ್‌ಎ ಗಾರ್ಡ್' ಇದ್ದರೆ ಆನ್ ಮಾಡಿ, ಮತ್ತೆ ಈ ಕಾಟ ಬರುವುದಿಲ್ಲ.

ಅಂದಹಾಗೆ, ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್) ಜಾಗದಲ್ಲಿ ಎಫ್‌ಇ80 ಕಂಡರೆ ಅದು ತಪ್ಪಲ್ಲ. ಐಪಿವಿ6ನಲ್ಲಿ ಗೇಟ್‌ವೇ ಹಾಗೇ ಇರುತ್ತದೆ.

3. ಹೆಸರು ಬಿಟ್ಟು ಅಂಕಿಗೆ ಪಿಂಗ್ ಮಾಡಿ

ಪಿಂಗ್ ಎಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಕಮಾಂಡ್. ಡಿಎನ್‌ಎಸ್ ಎಂದರೆ ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆ. ಗೂಗಲ್‌ನ ಡಿಎನ್‌ಎಸ್ 2001:4860:4860::8888, ಕ್ಲೌಡ್‌ಫ್ಲೇರ್‌ನದು 2606:4700:4700::1111. ಎರಡಕ್ಕೂ ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ತೆರೆದಿದೆ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ದೋಷ ಡಿಎನ್‌ಎಸ್‌ನಲ್ಲಿದೆ. ರೂಟರಿನ ಐಪಿವಿ6 ಪುಟದಲ್ಲಿ ಡಿಎನ್‌ಎಸ್ ಜಾಗಕ್ಕೆ ಇವೇ ವಿಳಾಸಗಳನ್ನು ಹಾಕಿದರೆ ಸಾಮಾನ್ಯವಾಗಿ ಮುಗಿಯಿತು.

ಎರಡಕ್ಕೂ ಉತ್ತರ ಬರಲಿಲ್ಲ, ಆದರೆ ಹಿಂದಿನ ಹೆಜ್ಜೆಯಲ್ಲಿ 2ರ ವಿಳಾಸ ಸಿಕ್ಕಿತ್ತು ಅನ್ನಿ. ದಾರಿಯ ಒಂದೊಂದು ನಿಲ್ದಾಣವನ್ನೂ ಸಾಲಾಗಿ ತೋರಿಸುವ ಟ್ರೇಸರೂಟ್ ಓಡಿಸಿ. ಮೊದಲ ಸಾಲಿನಲ್ಲಿ ನಿಮ್ಮ ರೂಟರ್ ಕಂಡು ಆಮೇಲೆ ಬರೀ ನಕ್ಷತ್ರಗಳಾದರೆ ತೊಂದರೆ ರೂಟರಿನಿಂದ ಆಚೆ, ಅಥವಾ ನಿಮ್ಮ ವಿಳಾಸವೇ ಹಳಸಿದೆ. ಹಳಸುವುದು ಹೇಗೆಂದು ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ.

4. ರೂಟರಿನ ಒಳಗೆ

ರೂಟರಿನ ಪುಟಕ್ಕೆ ಲಾಗಿನ್ ಆಗಿ ಸ್ಟೇಟಸ್ ನೋಡಿ. ಇಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ರೂಟರಿಗೆ ತನ್ನದೇ ಒಂದು ಐಪಿವಿ6 ವಿಳಾಸ ಸಿಗಬೇಕು. ಅದರ ಜೊತೆಗೆ ಮನೆಯೊಳಗೆ ಹಂಚಲು ಒಂದು ಇಡೀ ವಿಳಾಸಗುಚ್ಛವೂ ಸಿಗಬೇಕು. ಇದಕ್ಕೆ ಪ್ರಿಫಿಕ್ಸ್ ಡೆಲಿಗೇಶನ್ ಎಂದು ಹೆಸರು. ಪುಟದಲ್ಲಿ /64 ಅಥವಾ /56 ಎಂದು ಕೊನೆಗೊಳ್ಳುವ ಸಾಲೇ ಅದು. ಮೊದಲನೆಯದು ಇದ್ದು ಎರಡನೆಯದು ಖಾಲಿ ಇದ್ದರೆ ರೂಟರ್ ಮಾತ್ರ ಐಪಿವಿ6ನಲ್ಲಿದೆ, ಮನೆಯವರೆಲ್ಲ ಹೊರಗೆ. ಸೆಟ್ಟಿಂಗ್‌ನಲ್ಲಿ ಪ್ರಿಫಿಕ್ಸ್ ಡೆಲಿಗೇಶನ್ ಆನ್ ಇದೆಯೇ ನೋಡಿ. ಆನ್ ಇದ್ದೂ ಬರದಿದ್ದರೆ ಕಂಪನಿಯವರೇ ಕೊಡುತ್ತಿಲ್ಲ.

ಗುಚ್ಛ ಬಂದಿದೆ, ಲ್ಯಾಪ್‌ಟಾಪಿಗೆ ವಿಳಾಸ ಸಿಗುತ್ತಿದೆ, ಆದರೆ ಆಂಡ್ರಾಯ್ಡ್ ಫೋನುಗಳಿಗೆ ಸಿಗುತ್ತಿಲ್ಲವೇ? ರೂಟರೇ ವಿಳಾಸ ಆರಿಸಿ ಕೊಡುವ 'ಡಿಎಚ್‌ಸಿಪಿವಿ6 ಮಾತ್ರ' ಎಂಬ ವಿಧಾನ ಸೆಟ್ ಆಗಿರುತ್ತದೆ. ಆ ವಿಧಾನದಲ್ಲಿ ಒಂದೊಂದು ವಿಳಾಸ ಪಡೆಯಲು ಆಂಡ್ರಾಯ್ಡ್ ಒಪ್ಪುವುದಿಲ್ಲ, ಇದು ಗೂಗಲ್ ಬೇಕೆಂದೇ ಇಟ್ಟ ಧೋರಣೆ. ಯಂತ್ರ ತಾನೇ ವಿಳಾಸ ರಚಿಸಿಕೊಳ್ಳುವ ಸ್ಲಾಕ್ ಎಂಬ ಆಯ್ಕೆಗೆ ಬದಲಿಸಿ, ಅಥವಾ ಎರಡೂ ಇರಲಿ.

ಎರಡು ರೂಟರ್ ಇರುವ ಮನೆಗಳು ಬಹಳ. ಕಂಪನಿಯವರು ಗೋಡೆಗೆ ಹಾಕಿ ಹೋದದ್ದು ಒಂದು, ಮಹಡಿಗೆ ಸಿಗ್ನಲ್ ಬರಲೆಂದು ನೀವು ತಂದದ್ದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕಿದ್ದು ಒಂದೇ /64 (ಒಂದು ಜಾಲಕ್ಕಷ್ಟೇ ಸಾಲುವ ಗುಚ್ಛ) ಆದರೆ ಎರಡನೆಯದಕ್ಕೆ ಕೊಡಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಕೆಳಗೆ ಐಪಿವಿ6 ಇದೆ, ಮಹಡಿಯಲ್ಲಿಲ್ಲ. ನಿಮ್ಮ ರೂಟರನ್ನು ವೈಫೈ ಹರಡುವ ಕೆಲಸವಷ್ಟೇ ಮಾಡುವ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಇಲ್ಲವಾದರೆ ಕಂಪನಿಯ ಡಬ್ಬಿಯನ್ನು ಸಂಪರ್ಕವನ್ನು ಹಾಗೇ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿಸಿ ಡಯಲ್ ಮಾಡುವ ಕೆಲಸವನ್ನು ನಿಮ್ಮ ರೂಟರಿಗೆ ಕೊಡಿ. ಮೊದಲನೆಯದೇ ಸುಲಭ.

ಇನ್ನು ಹಳಸಿದ ವಿಳಾಸದ ಮಾತು. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ಮನೆ ಸಂಪರ್ಕಕ್ಕೆ ಕೊಡುವ ಗುಚ್ಛ ಸ್ಥಿರವಲ್ಲ. ಕರೆಂಟ್ ಹೋಗಿ ಬಂದರೆ ರೂಟರಿಗೆ ಹೊಸ ಗುಚ್ಛ ಸಿಗುತ್ತದೆ. ಕಂಪ್ಯೂಟರಿಗೂ ರೂಟರಿಗೂ ನಡುವೆ ಇರುವ ಸ್ವಿಚ್ ಅಥವಾ ವೈಫೈ ಡಬ್ಬಿ ಯುಪಿಎಸ್‌ನಲ್ಲಿ ಉಳಿದುಕೊಂಡಿದ್ದರೆ, ಸಂಪರ್ಕ ಕಡಿದದ್ದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದು ಹಳೆಯ ವಿಳಾಸವನ್ನೇ ಹಿಡಿದುಕೊಂಡು ಕೂರುತ್ತದೆ. ಎಷ್ಟು ಹೊತ್ತು? ಈ ವ್ಯವಸ್ಥೆಯ ಮೂಲ ನಿಯಮಾವಳಿಯಲ್ಲಿ ಇಟ್ಟ ಅವಧಿ, ಬೇರೆ ಏನೂ ಹೇಳದಿದ್ದರೆ, ಆದ್ಯತೆಗೆ (ಹೊಸ ಸಂಪರ್ಕಕ್ಕೂ ಅದನ್ನೇ ಬಳಸುವುದಕ್ಕೆ) 7 ದಿನ, ಸಿಂಧುತ್ವಕ್ಕೆ (ವಿಳಾಸ ಉಳಿದಿರುವುದಕ್ಕೆ) 30 ದಿನ. ಕರೆಂಟ್ ಹೋಗದ ಊರಿನವರು ಬರೆದ ಅಂಕಿಗಳಿವು ಎಂದು ನನಗೆ ಪ್ರತಿ ಮಳೆಗಾಲದಲ್ಲೂ ಅನ್ನಿಸುತ್ತದೆ.

ಪತ್ತೆ ಸುಲಭ: ಐಪಿಕಾನ್ಫಿಗ್‌ನಲ್ಲಿ 2ರಿಂದ ಶುರುವಾಗುವ ವಿಳಾಸಗಳು ಎರಡು ಬೇರೆ ಗುಚ್ಛಗಳಿಗೆ ಸೇರಿದಂತೆ ಕಂಡರೆ ಒಂದು ಹಳಸಿದೆ. ಕೊನೆಯ ಭಾಗ ಬೇರೆಬೇರೆ ಇರುವುದು ಸಹಜ, ಕೋಲನ್ (:) ನಡುವಿನ ಮೊದಲ ನಾಲ್ಕು ತುಂಡುಗಳನ್ನು ಮಾತ್ರ ಹೋಲಿಸಿ. ತಾತ್ಕಾಲಿಕವಾಗಿ ವೈಫೈ ಆಫ್ ಮಾಡಿ ಆನ್ ಮಾಡಿ, ಅಥವಾ ಕೇಬಲ್ ಕಿತ್ತು ಹಾಕಿ. ಶಾಶ್ವತವಾಗಿ ಬೇಕೆಂದರೆ ರೂಟರಿನಲ್ಲಿ ಪ್ರಿಫಿಕ್ಸ್ ಲೈಫ್‌ಟೈಮ್ ಎಂಬ ಆಯ್ಕೆ ಇದ್ದಲ್ಲಿ ಅದನ್ನು ಅರ್ಧ-ಒಂದು ಗಂಟೆಗೆ ಇಳಿಸಿ. ಇದ್ಯಾವುದೂ ಬೇಡವಾದರೆ ರೂಟರನ್ನೂ ಯುಪಿಎಸ್‌ಗೆ ಸಿಕ್ಕಿಸಿ.

5. ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ

ಎಲ್ಲ ಸರಿಯಿದೆ, ಪಿಂಗ್ ಬರುತ್ತದೆ, ಅಂಕವೂ ಚೆನ್ನಾಗಿದೆ. ಆದರೂ ಕೆಲವು ತಾಣಗಳು ಅರ್ಧಕ್ಕೆ ನಿಲ್ಲುತ್ತವೆ; ಲಾಗಿನ್ ಪುಟ ಬರುತ್ತದೆ, ಆಮೇಲೆ ಬಿಳಿ ಪರದೆ. ಹ್ಯಾಪಿ ಐಬಾಲ್ಸ್ ಕೂಡ ಇಲ್ಲಿ ಕೈಹಿಡಿಯುವುದಿಲ್ಲ, ಏಕೆಂದರೆ ಸಂಪರ್ಕದ ಮೊದಲ ಕೈಕುಲುಕು ಚಿಕ್ಕ ಪ್ಯಾಕೆಟ್ಟುಗಳಲ್ಲೇ (ಮಾಹಿತಿಯ ತುಂಡುಗಳಲ್ಲೇ) ಮುಗಿದು, 'ಐಪಿವಿ6 ಗೆದ್ದಿತು' ಎಂದು ಬ್ರೌಸರ್ ತೀರ್ಮಾನಿಸಿ ಆಗಿರುತ್ತದೆ. ಇದು ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) ದೋಷ, ಐಪಿವಿ6 ತಕರಾರುಗಳಲ್ಲೆಲ್ಲ ಅತಿ ಹೆಚ್ಚು ತಲೆ ತಿನ್ನುವಂಥದ್ದು.

ಸಾಮಾನ್ಯ ಜಾಲದಲ್ಲಿ ಒಂದು ಪ್ಯಾಕೆಟ್ಟು 1500 ಬೈಟ್‌ವರೆಗೆ ಇರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಪಿಪಿಪಿಒಇ ಫೈಬರಿನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ಐಪಿವಿ4ನಲ್ಲಿ ದೊಡ್ಡ ಪ್ಯಾಕೆಟ್ಟು ಬಂದರೆ ದಾರಿಯ ರೂಟರು ಅದನ್ನು ತುಂಡು ಮಾಡಿ ಕಳಿಸಬಹುದಿತ್ತು. ಐಪಿವಿ6ನಲ್ಲಿ ಆ ಅಧಿಕಾರವನ್ನು ತೆಗೆದುಹಾಕಲಾಗಿದೆ. ದಾರಿಯ ರೂಟರು ಪ್ಯಾಕೆಟ್ಟನ್ನು ಬಿಸಾಡಿ, ಕಳಿಸಿದವನಿಗೆ 'ಪ್ಯಾಕೆಟ್ ಟೂ ಬಿಗ್' ಎಂಬ ಐಸಿಎಂಪಿವಿ6 (ಜಾಲದ ಯಂತ್ರಗಳು ದೋಷ ತಿಳಿಸುವ ವಿಧಾನ) ಸಂದೇಶ ಕಳಿಸಬೇಕು. ಅವನು ಚಿಕ್ಕದು ಮಾಡಿ ಮತ್ತೆ ಕಳಿಸಬೇಕು. ಘಾಟಿಯ ಬುಡದಲ್ಲಿ ಪೊಲೀಸರು ನಿಂತು ಉದ್ದ ಲಾರಿಗಳನ್ನು ತಡೆದು ವಾಪಸ್ ಕಳಿಸುವ ಹಾಗೆ. ಆ ಪೊಲೀಸರನ್ನೇ ತೆಗೆದರೆ ಲಾರಿಗಳು ಹೋಗಿ ತಿರುವಿನಲ್ಲಿ ಸಿಕ್ಕಿಬೀಳುತ್ತವೆ, ಮಾಲೀಕನಿಗೆ ಸುದ್ದಿಯೇ ತಲುಪುವುದಿಲ್ಲ. 'ಭದ್ರತೆಗಾಗಿ ಐಸಿಎಂಪಿ ಎಲ್ಲ ಬ್ಲಾಕ್ ಮಾಡಿ' ಎಂಬ ಐಪಿವಿ4 ಕಾಲದ ಸಲಹೆ ಪಾಲಿಸಿದವರು ಮಾಡುವುದು ಇದನ್ನೇ.

ಪರೀಕ್ಷೆ ಹೀಗೆ. ಪಿಂಗ್‌ನ ಅಳತೆಯನ್ನು 1232 ಇಡಿ. ವಿಂಡೋಸ್‌ನಲ್ಲಿ ಅಳತೆಗೆ -ಎಲ್, ಲಿನಕ್ಸ್, ಮ್ಯಾಕ್‌ನಲ್ಲಿ -ಎಸ್. ಎರಡೂ ಇಂಗ್ಲಿಷ್ ಸಣ್ಣಕ್ಷರ. ಐಪಿವಿ6 ತಲೆಭಾಗದ 40, ಐಸಿಎಂಪಿಯ 8 ಸೇರಿ ಒಟ್ಟು 1280 ಆಗುತ್ತದೆ. ಐಪಿವಿ6 ಓಡುವ ಯಾವುದೇ ದಾರಿಯೂ ಕನಿಷ್ಠ ಇಷ್ಟನ್ನು ಹೊರಲೇಬೇಕು ಎಂಬುದು ನಿಯಮ. ಆಮೇಲೆ 1452 ಇಟ್ಟು ನೋಡಿ, ಒಟ್ಟು 1500. ಮೊದಲ ಒಂದೆರಡು ಕಳೆದುಹೋಗಿ ಆಮೇಲೆ ಉತ್ತರ ಬಂದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ: ಸಂದೇಶ ಬಂತು, ಯಂತ್ರ ಕಲಿತುಕೊಂಡಿತು. 1232ಕ್ಕೆ ಸದಾ ಉತ್ತರ, 1452ಕ್ಕೆ ಎಂದೂ ಇಲ್ಲ ಎಂದಾದರೆ ಅನುಮಾನ ಬಲವಾಯಿತು. ಕೆಲವು ಸರ್ವರುಗಳು ದೊಡ್ಡ ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಆದ್ದರಿಂದ ಎರಡು ಮೂರು ಕಡೆ ಪ್ರಯತ್ನಿಸಿ.

ಖಚಿತಪಡಿಸಿಕೊಳ್ಳಲು ರೂಟರಿನ ಪಿಪಿಪಿಒಇ ಪುಟದಲ್ಲಿ ಎಂಟಿಯು 1280 ಎಂದು ಹಾಕಿ ಸೇವ್ ಮಾಡಿ. ನಿಂತಿದ್ದ ತಾಣ ತಟ್ಟನೆ ತೆರೆದುಕೊಂಡರೆ ರೋಗ ಇದೇ. ಆಮೇಲೆ 1492ಕ್ಕೆ ತನ್ನಿ. ಎರಡೂ ಕಡೆಯವರು ಮೊದಲಿನಿಂದಲೇ ಚಿಕ್ಕ ಪ್ಯಾಕೆಟ್ಟು ಕಳಿಸುವಂತೆ ಮಾಡುವ 'ಎಂಎಸ್‌ಎಸ್ ಕ್ಲ್ಯಾಂಪಿಂಗ್' ಇದ್ದರೆ ಆನ್ ಮಾಡಿ. ಅಂಕಿ ಕೇಳಿದರೆ ಐಪಿವಿ6ಗೆ 1432. ಫೈರ್‌ವಾಲ್‌ನಲ್ಲಿ ಐಸಿಎಂಪಿವಿ6 ತಡೆ ಇದ್ದರೆ ತೆಗೆಯಿರಿ. ಇಷ್ಟಾದರೂ 1492ರಲ್ಲಿ ನಿಲ್ಲುತ್ತಿದ್ದರೆ 1480, 1460 ಹೀಗೆ ಇಳಿಸುತ್ತಾ ಕೆಲಸ ಮಾಡುವ ಅಂಕಿಯಲ್ಲಿ ಬಿಡಿ. ವೇಗದಲ್ಲಿ ಆಗುವ ವ್ಯತ್ಯಾಸ ನಿಮ್ಮ ಗಮನಕ್ಕೂ ಬರುವುದಿಲ್ಲ.

ಮೊಬೈಲಿನಲ್ಲೇ ತೊಂದರೆಯಾದರೆ

ಇದು ಅಪರೂಪ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ನೇಮ್ಸ್ ತೆರೆದು, ಎಪಿಎನ್ ಪ್ರೋಟೊಕಾಲ್ 'ಐಪಿವಿ4/ಐಪಿವಿ6' ಎಂದಿದೆಯೇ ನೋಡಿ. ಯಾವುದೋ ವಿಡಿಯೋ ನೋಡಿ 'ವೇಗಕ್ಕಾಗಿ' ಬದಲಿಸಿದ್ದರೆ ರೀಸೆಟ್ ಟು ಡೀಫಾಲ್ಟ್ ಒತ್ತಿ. ಫೋನಿನ ಐಪಿವಿ4 ವಿಳಾಸ 192.0.0ರಿಂದ ಶುರುವಾಗಿದ್ದರೆ ದೋಷವಲ್ಲ: ಜಾಲ ಪೂರ್ತಿ ಐಪಿವಿ6, ಹಳೆಯ ಆ್ಯಪುಗಳಿಗಾಗಿ ಫೋನು ಒಳಗೇ ಒಂದು ಅನುವಾದಕನನ್ನು ಇಟ್ಟುಕೊಂಡಿದೆ ಅಷ್ಟೇ. ಈ ವ್ಯವಸ್ಥೆಗೆ 464ಎಕ್ಸ್‌ಲ್ಯಾಟ್ ಎಂದು ಹೆಸರು.

ಹಾಟ್‌ಸ್ಪಾಟಿನಲ್ಲಿ ಆಫೀಸ್ ವಿಪಿಎನ್ ಕೈಕೊಡುವುದು ಬೇರೆ ಕಥೆ. ವಿಪಿಎನ್ ಐಪಿವಿ4 ಮಾತ್ರ ಸಾಗಿಸುತ್ತದೆ, ಲ್ಯಾಪ್‌ಟಾಪು ಐಪಿವಿ6 ದಾರಿಯನ್ನು ಹೊರಗಿನಿಂದ ಹಿಡಿಯುತ್ತದೆ. ಇದನ್ನು ನೀವು ಮನೆಯಲ್ಲಿ ಸರಿಮಾಡಲಾಗದು, ಆಫೀಸಿನ ಐಟಿಯವರಿಗೇ ಹೇಳಬೇಕು.

ಸ್ವಂತ ವೆಬ್‌ಸೈಟ್ ಇರುವವರಿಗೆ

ನಿಮ್ಮ ತಾಣ ಕೆಲವರಿಗೆ ಮಾತ್ರ ತೆರೆಯುವುದಿಲ್ಲ ಎಂಬ ದೂರು ಬಂದರೆ ಮೊದಲು ಡಿಎನ್‌ಎಸ್‌ನ ಕ್ವಾಡ್-ಎ ದಾಖಲೆ ನೋಡಿ. ಐಪಿವಿ6 ವಿಳಾಸ ಹೇಳುವ ಸಾಲು ಅದು. ಸರ್ವರ್ ಬದಲಿಸುವಾಗ ಐಪಿವಿ4 ವಿಳಾಸದ ಎ ದಾಖಲೆ ತಿದ್ದಿ, ಕ್ವಾಡ್-ಎ ಮರೆಯುವುದು ಸರ್ವೇಸಾಮಾನ್ಯ. ಆಗ ಐಪಿವಿ6 ಇರುವ ಓದುಗರು ಹಳೆಯ ಸರ್ವರಿನ ಬಾಗಿಲು ತಟ್ಟುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಭದ್ರತಾ ಸರ್ಟಿಫಿಕೇಟ್ ಇದ್ದಕ್ಕಿದ್ದಂತೆ ನವೀಕರಣವಾಗದೆ ನಿಂತರೂ ಇದನ್ನೇ ಶಂಕಿಸಿ, ತಾಣವನ್ನು ಪರಿಶೀಲಿಸುವಾಗ ಆ ಸಂಸ್ಥೆ ಐಪಿವಿ6 ಇದ್ದರೆ ಮೊದಲು ಅಲ್ಲಿಗೇ ಬರುತ್ತದೆ.

ದಾಖಲೆ ಸರಿಯಿದ್ದರೆ, ವೆಬ್ ಸರ್ವರ್ ಐಪಿವಿ6ನಲ್ಲಿ ಕಿವಿಗೊಟ್ಟಿದೆಯೇ ನೋಡಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ [::]:443 ಎಂಬ ಲಿಸನ್ ಸಾಲು ಬೇರೆಯಾಗಿಯೇ ಬೇಕು. ಲಿನಕ್ಸಿನ ಐಪಿಟೇಬಲ್ಸ್ ಫೈರ್‌ವಾಲ್ ನಿಯಮಗಳು ಐಪಿವಿ6ಗೆ ಅನ್ವಯಿಸುವುದಿಲ್ಲ, ಅದರ ಪಟ್ಟಿಯೇ ಬೇರೆ. ಬಾಗಿಲು ಮುಚ್ಚಿದೆ ಎಂದುಕೊಂಡ ಡೇಟಾಬೇಸು ಐಪಿವಿ6 ಕಡೆಯಿಂದ ಹಾರುಹೊಡೆದಿರುವುದು ಈ ಕಾರಣಕ್ಕೇ. ಇಮೇಲ್ ಕಳಿಸುವ ಸರ್ವರಾದರೆ ಐಪಿವಿ6 ವಿಳಾಸಕ್ಕೆ ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಇಲ್ಲದೆ ಜಿಮೇಲ್ ಸ್ವೀಕರಿಸುವುದಿಲ್ಲ. ಲಾಗಿನ್ ಆದವರ ಐಪಿ ವಿಳಾಸ ದಾಖಲಿಸುವ ಡೇಟಾಬೇಸ್ ಕಾಲಮ್ಮಿಗೆ 15 ಅಕ್ಷರ ಮಾತ್ರ ಕೊಟ್ಟಿದ್ದರೆ 45 ಮಾಡಿ.

ಆಫ್ ಮಾಡಲೇಬೇಕಾದಾಗ

ನಾಳೆ ಬೆಳಗ್ಗೆ ಆನ್‌ಲೈನ್ ಪರೀಕ್ಷೆ ಇದೆ ಅನ್ನಿ. ಆಗ ತತ್ತ್ವ ಮಾತಾಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ರೂಟರಿನಲ್ಲಿ ಐಪಿವಿ6 ಆಫ್ ಮಾಡಿ, ಕೆಲಸ ಮುಗಿಸಿ, ಆಮೇಲೆ ಆನ್ ಮಾಡಿ. ಒಂದೇ ಕಂಪ್ಯೂಟರಿಗೆ ಬೇಕಾದರೆ ವಿಂಡೋಸ್‌ನಲ್ಲಿ ಐಪಿವಿ6 ಮುಂದಿನ ಟಿಕ್ ತೆಗೆಯುವ ಬದಲು, ರಿಜಿಸ್ಟ್ರಿಯ ಡಿಸೇಬಲ್ಡ್‌ಕಾಂಪೊನೆಂಟ್ಸ್ ಎಂಬಲ್ಲಿ ಡೆಸಿಮಲ್ 32 ಹಾಕಿ ರೀಸ್ಟಾರ್ಟ್ ಮಾಡುವುದು ಮೇಲು. ಐಪಿವಿ6 ಇದ್ದೇ ಇರುತ್ತದೆ, ಐಪಿವಿ4ಗೆ ಮೊದಲ ಆದ್ಯತೆ ಸಿಗುತ್ತದೆ. ಮೈಕ್ರೋಸಾಫ್ಟ್ ಹೇಳುವುದೂ ಇದನ್ನೇ.

ಕಂಪನಿಗೆ ದೂರು ಕೊಡುವಾಗ

'ನೆಟ್ ಸ್ಲೋ ಇದೆ' ಎಂದರೆ ರೂಟರ್ ರೀಸ್ಟಾರ್ಟ್ ಮಾಡಿಸಿ ದೂರು ಮುಚ್ಚುತ್ತಾರೆ. ಕಾಲ್ ಸೆಂಟರಿನವರ ಮೇಲೆ ರೇಗಿ ಫಲವಿಲ್ಲ, ಅವರ ಮುಂದಿರುವ ಪಟ್ಟಿಯಲ್ಲಿ ಐಪಿವಿ6 ಎಂಬ ಸಾಲೇ ಇರುವುದಿಲ್ಲ. ಬರಹದಲ್ಲಿ, ಇಮೇಲಿನಲ್ಲೋ ಆ್ಯಪಿನಲ್ಲೋ ದೂರು ಕೊಡಿ. 'ನೆಟ್‌ವರ್ಕ್ ತಂಡಕ್ಕೆ ಕಳಿಸಿ' ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ರೂಟರಿಗೆ ಪ್ರಿಫಿಕ್ಸ್ ಸಿಕ್ಕಿದೆಯೋ ಇಲ್ಲವೋ, ಸಿಕ್ಕಿದ್ದರೆ ಅದರ ಮೊದಲ ನಾಲ್ಕು ತುಂಡು, 1232 ಮತ್ತು 1452 ಪಿಂಗ್‌ಗಳ ಫಲಿತಾಂಶ, ಟ್ರೇಸರೂಟ್ ನಿಂತ ಸಾಲು, ಪರೀಕ್ಷೆ ಮಾಡಿದ ಗಂಟೆ-ನಿಮಿಷ. ಐಪಿವಿ4ನಲ್ಲಿ ಅದೇ ತಾಣ ತೆರೆಯುತ್ತದೆ ಎಂಬುದನ್ನೂ ಸೇರಿಸಿ, ಇಲ್ಲವಾದರೆ 'ತಾಣದವರದೇ ತಪ್ಪು' ಎಂಬ ಉತ್ತರ ಬರುತ್ತದೆ. ಸಿಸಿಟಿವಿಗಾಗಿ ಐಪಿವಿ6 ಬೇಕಿದ್ದವರು ಇನ್ನೊಂದು ಪ್ರಶ್ನೆಯನ್ನೂ ಅದರಲ್ಲೇ ಕೇಳಿ: ಒಳಬರುವ ಸಂಪರ್ಕವನ್ನು ನೀವು ತಡೆಯುತ್ತೀರಾ? ಇಲ್ಲ ಎಂದು ಉತ್ತರ ಬಂದರೆ, ರೂಟರಿನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಒಂದು ಕ್ಯಾಮೆರಾದ ಒಂದು ಪೋರ್ಟನ್ನು ಮಾತ್ರ ತೆರೆಯಿರಿ, ಅದಕ್ಕೂ ಮೊದಲು ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ.